ಹೂತಿ ಪಡೆ ಕಟ್ಟಿದವರು ಯಾರು?

ಪ್ರಶ್ನೆ: ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಮಾಡಿದ ಹೂತಿಗಳ ಮೂಲಪುರುಷ ಯಾರು?

ಉತ್ತರ: ಹುಸೇನ್ ಬದ್ರುದ್ದೀನ್ ಅಲ್-ಹೂತಿ. ಉತ್ತರ ಯೆಮನ್ನಿನ ಸಾದಾ ಪ್ರಾಂತದ ಜೈದಿ ವಿದ್ವಾಂಸರ ಮನೆತನದವರು. ಜೈದಿಗಳು ಶಿಯಾಗಳದೇ ಒಂದು ಶಾಖೆ. ಉತ್ತರ ಯೆಮನ್ನನ್ನು 1962ರವರೆಗೆ ಆಳಿದ್ದು ಅವರ ಇಮಾಮರೇ. ಗಣರಾಜ್ಯ ಬಂದ ಮೇಲೆ ಸಾದಾ ಮೂಲೆಗುಂಪಾಯಿತು. ಸಾಲದ್ದಕ್ಕೆ ಕಟ್ಟಾ ಸುನ್ನಿ ಪಂಥವಾದ ಸಲಫಿಗಳ ಪಾಠಶಾಲೆಗಳು ಅಲ್ಲೇ ಬೇರೂರಿದವು. ಜೈದಿಗಳ ಸಿಟ್ಟು ಹೊತ್ತಿಕೊಂಡದ್ದು ಇಲ್ಲಿಂದ.

ಹುಸೇನ್ ಮೊದಲೇ ಬಂದೂಕು ಹಿಡಿದವರಲ್ಲ. 1993ರಿಂದ 1997ರವರೆಗೆ ಸಂಸತ್ ಸದಸ್ಯರಾಗಿದ್ದರು! ಆಮೇಲೆ ಉಪನ್ಯಾಸಕ್ಕಿಳಿದರು, ಅವರ ಮಾತುಗಳು ಕ್ಯಾಸೆಟ್‌ಗಳಲ್ಲಿ ಹಳ್ಳಿಹಳ್ಳಿ ಸುತ್ತಿದವು. 2002ರಲ್ಲಿ ಅವರು ಕೊಟ್ಟ ಅಮೆರಿಕ, ಇಸ್ರೇಲ್ ವಿರೋಧಿ ಘೋಷಣೆ ಮಸೀದಿಗಳಲ್ಲಿ ಮೊಳಗತೊಡಗಿತು. ಅಧ್ಯಕ್ಷ ಅಲಿ ಅಬ್ದುಲ್ಲಾ ಸಾಲೆಹ್ (ಅವರೂ ಹುಟ್ಟಿನಿಂದ ಜೈದಿಯೇ) 2004ರ ಜೂನ್‌ನಲ್ಲಿ ಸೇನೆ ನುಗ್ಗಿಸಿದರು. ಸೆಪ್ಟೆಂಬರ್‌ನಲ್ಲಿ ಮರಾನ್ ಬೆಟ್ಟಸೀಮೆಯಲ್ಲಿ ಹುಸೇನ್ ಹತರಾದರು.

ಅಲ್ಲಿಗೆ ಕತೆ ಮುಗಿಯಿತೆಂದು ಸರ್ಕಾರ ಎಣಿಸಿದ್ದು ಶುದ್ಧ ತಪ್ಪು ಲೆಕ್ಕ. ಹುಸೇನರ ತಮ್ಮ ಅಬ್ದುಲ್ ಮಲಿಕ್ ನಾಯಕತ್ವದಲ್ಲಿ ಬಂಡಾಯ ಬೆಳೆದು, 2014ರಲ್ಲಿ ರಾಜಧಾನಿ ಸನಾ ಹೂತಿಗಳ ವಶವಾಯಿತು. ಆಗ ಅವರ ಜತೆ ಕೈಜೋಡಿಸಿದವರು ಪದಚ್ಯುತ ಸಾಲೆಹ್! ಆ ದೋಸ್ತಿ ಮುರಿದುಬಿದ್ದಾಗ, 2017ರ ಡಿಸೆಂಬರ್‌ನಲ್ಲಿ ಹೂತಿಗಳೇ ಅವರನ್ನು ಕೊಂದರು.