ಆರಿಸಿದವರ ತಪ್ಪು, ಆಯ್ಕೆಯಾದವನ ತಲೆಗೆ

ಹದಿನೆಂಟರ ಹರೆಯದ ಹುಡುಗನೊಬ್ಬನ ಮುಂದಿನ ಹದಿನೈದು–ಇಪ್ಪತ್ತು ವರ್ಷಗಳನ್ನು ಒಂದೇ ಸಂಜೆಯಲ್ಲಿ ಅಳೆದು ಸ್ಥಾನ ನಿಗದಿ ಮಾಡಲು ಸಾಧ್ಯವೇ? ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಸಂಸ್ಥೆಯಾದ ಎನ್‌ಬಿಎ ಪ್ರತಿವರ್ಷವೂ ಇಂಥದೊಂದು ಸಾಹಸಕ್ಕೆ ಕೈಹಾಕುತ್ತದೆ. ಅದರ ಹೆಸರು ಡ್ರಾಫ್ಟ್. ನಮ್ಮ ಐಪಿಎಲ್ ಹರಾಜಿನಲ್ಲಿ ಹೆಚ್ಚು ಬೆಲೆ ಕೂಗಿದವರಿಗೆ ಆಟಗಾರ ಸಲ್ಲುತ್ತಾನೆ. ಡ್ರಾಫ್ಟ್‌ನಲ್ಲಿ ಕೂಗಾಟವಿಲ್ಲ, ಸರದಿ ಇದೆ. ಹಿಂದಿನ ಋತುವಿನಲ್ಲಿ ಸೋತು ಸೊರಗಿದ ತಂಡಗಳ ನಡುವೆ ಲಾಟರಿ ಎತ್ತಿ ಮೊದಲ ಸರದಿಗಳನ್ನು ಹಂಚಲಾಗುತ್ತದೆ. ದುರ್ಬಲ ತಂಡಗಳೂ ಚೇತರಿಸಿಕೊಳ್ಳಲಿ ಎಂಬುದು ಇದರ ಆಶಯ. ಆದರೆ ಯಾವ ತಂಡಕ್ಕೆ ಹೋಗಬೇಕೆಂದು ಹೇಳುವ ಹಕ್ಕು ಮಾತ್ರ ಆಟಗಾರನಿಗಿಲ್ಲ.

2003ರ ಜೂನ್ 26ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ 58 ಹೆಸರುಗಳನ್ನು ಓದಲಾಯಿತು. ಮೊದಲ ಹೆಸರು ಲೆಬ್ರಾನ್ ಜೇಮ್ಸ್ ಅವರದು. ಆಗಷ್ಟೇ ಪ್ರೌಢಶಾಲೆ ಮುಗಿಸಿದ್ದ ಅವರನ್ನು ಹುಟ್ಟೂರಾದ ಆಕ್ರನ್‌ಗೆ ಸಮೀಪದ ಕ್ಲೀವ್‌ಲ್ಯಾಂಡ್ ತಂಡ ಆರಿಸಿತು. ಎರಡನೆಯವರು ಸರ್ಬಿಯಾದ ಡಾರ್ಕೊ ಮಿಲಿಚಿಚ್, ಡೆಟ್ರಾಯಿಟ್ ತಂಡಕ್ಕೆ. ಮೂರನೆಯವರು ಕಾರ್ಮೆಲೊ ಆಂಟನಿ, ಡೆನ್ವರ್‌ಗೆ. ಕ್ರಿಸ್ ಬಾಷ್ ಟೊರಾಂಟೊ ತಂಡವನ್ನೂ ಡ್ವೇನ್ ವೇಡ್ ಮಯಾಮಿ ತಂಡವನ್ನೂ ಸೇರಿದರು.

ಎರಡು ದಶಕಗಳು ಕಳೆದ ಮೇಲೆ ಈ ಪಟ್ಟಿಯನ್ನು ತೆರೆದು ನೋಡಿದರೆ ಆಶ್ಚರ್ಯವಾಗುತ್ತದೆ. ಜೇಮ್ಸ್ 2023ರ ಫೆಬ್ರುವರಿಯಲ್ಲಿ ಕರೀಂ ಅಬ್ದುಲ್ ಜಬ್ಬಾರ್ ಅವರ 38,387 ಅಂಕಗಳ ದಾಖಲೆಯನ್ನು ದಾಟಿದರು. ಆಂಟನಿ 28,289 ಅಂಕಗಳೊಂದಿಗೆ, ಒಲಿಂಪಿಕ್ಸ್‌ನ ಮೂರು ಚಿನ್ನದ ಪದಕಗಳೊಂದಿಗೆ ನಿವೃತ್ತರಾದರು. ವೇಡ್ 2006ರಲ್ಲೇ ಮಯಾಮಿಗೆ ಮೊದಲ ಪ್ರಶಸ್ತಿ ತಂದುಕೊಟ್ಟು ಫೈನಲ್ ಸರಣಿಯ ಶ್ರೇಷ್ಠ ಆಟಗಾರರೆನಿಸಿಕೊಂಡರು. ರಕ್ತ ಹೆಪ್ಪುಗಟ್ಟುವ ತೊಂದರೆಯಿಂದ 2016ರಲ್ಲೇ ಆಟ ನಿಲ್ಲಿಸಬೇಕಾಗಿ ಬಂದ ಬಾಷ್ ಕೂಡ 2021ರಲ್ಲಿ ಹಾಲ್ ಆಫ್ ಫೇಮ್ ಸೇರಿದರು. ವೇಡ್ ಮತ್ತು ಆಂಟನಿ ಕ್ರಮವಾಗಿ 2023 ಹಾಗೂ 2025ರಲ್ಲಿ ಅದೇ ಗೌರವಕ್ಕೆ ಪಾತ್ರರಾದರು. ಹಾಗಾಗಿ ಈ ತಂಡವನ್ನು ಕುರಿತ ಮಾತು ಬಂದಾಗಲೆಲ್ಲ ನಾಲ್ವರ ಹೊಗಳಿಕೆ, ಒಬ್ಬರ ಲೇವಡಿ ಎಂಬಂತಾಗಿದೆ. ಆ ಒಬ್ಬರು ಮಿಲಿಚಿಚ್.

ಅವರ ಕಥೆ ಅವರು ಹುಟ್ಟಿದ ನಾಡಿನಿಂದಲ್ಲ, ಒಂದು ಹಳೆಯ ವ್ಯವಹಾರದಿಂದ ಆರಂಭವಾಗುತ್ತದೆ. 1997ರಲ್ಲಿ ಡೆಟ್ರಾಯಿಟ್ ತಂಡವು ಓಟಿಸ್ ಥಾರ್ಪ್ ಎಂಬ ಹಿರಿಯ ಆಟಗಾರನನ್ನು ಅಂದಿನ ವ್ಯಾಂಕೂವರ್ ತಂಡಕ್ಕೆ ಕೊಟ್ಟು, ಪ್ರತಿಯಾಗಿ ಮುಂದೊಂದು ವರ್ಷದ ಸರದಿಯನ್ನು ಪಡೆದಿತ್ತು. ಆ ಸರದಿ ಆರು ವರ್ಷಗಳ ನಂತರ ಲಾಟರಿಯಲ್ಲಿ ಎರಡನೆಯದಾಗಿ ಒದಗಿತು. ಹೀಗೆ, ಪ್ರಶಸ್ತಿಯ ಹೊಸ್ತಿಲಲ್ಲಿದ್ದ ಬಲಿಷ್ಠ ತಂಡವೊಂದರ ಕೈಗೆ, ಬಲಹೀನರಿಗೆ ಮೀಸಲಾದ ಅವಕಾಶ ಸಿಕ್ಕಿತು. ಆಂಟನಿ ಆಡುವ ಜಾಗದಲ್ಲಿ ಟೇಶಾನ್ ಪ್ರಿನ್ಸ್ ಆಗಲೇ ನೆಲೆಯೂರುತ್ತಿದ್ದುದರಿಂದ, ಎತ್ತರದ ಹುಡುಗನೊಬ್ಬನನ್ನು ನಾಳೆಗಾಗಿ ಬೆಳೆಸೋಣ ಎಂದು ತಂಡದ ಆಡಳಿತ ಲೆಕ್ಕ ಹಾಕಿತು. ಜರ್ಮನಿಯ ಡರ್ಕ್ ನೊವಿಟ್ಸ್ಕಿ, ಸ್ಪೇನಿನ ಪೌ ಗಸೋಲ್ ಮೊದಲಾದವರ ಯಶಸ್ಸನ್ನು ಕಂಡಿದ್ದ ಪರಿಣತರಲ್ಲಿ ಅನೇಕರು ಈ ಲೆಕ್ಕವನ್ನು ಒಪ್ಪಿದ್ದರು.

ಆದರೆ ಗೆಲ್ಲಲೇಬೇಕಾದ ತಂಡದಲ್ಲಿ ಕಲಿಯುವವನಿಗೆ ಜಾಗವೆಲ್ಲಿ? ಮೊದಲ ಋತುವಿನಲ್ಲಿ ಮಿಲಿಚಿಚ್ ಆಡಿದ್ದು 34 ಪಂದ್ಯಗಳಲ್ಲಿ, ಅದೂ ಪಂದ್ಯವೊಂದಕ್ಕೆ ಸರಾಸರಿ ಐದು ನಿಮಿಷವೂ ಅಲ್ಲ. ಡೆಟ್ರಾಯಿಟ್ 2004ರಲ್ಲಿ ಪ್ರಶಸ್ತಿ ಗೆದ್ದಿತು. ಮೊದಲ ಐವರ ಪೈಕಿ ಎಲ್ಲರಿಗಿಂತ ಮುಂಚೆ ಚಾಂಪಿಯನ್ ಆದವರು ಮಿಲಿಚಿಚ್ ಎಂಬುದು ಈ ಕಥೆಯ ವ್ಯಂಗ್ಯ. ಆಂಟನಿಗೆ ಆ ಭಾಗ್ಯ ಎಂದೂ ಒದಗಲಿಲ್ಲ. ಬೆಂಚಿನ ಮೇಲೆ ಕುಳಿತೇ ಎರಡೂವರೆ ಋತುಗಳನ್ನು ಸವೆಸಿದ ಮಿಲಿಚಿಚ್ ಅವರನ್ನು 2006ರಲ್ಲಿ ಒರ್ಲಾಂಡೊಗೆ ಸಾಗಹಾಕಲಾಯಿತು. ಮುಂದೆ ಊರಿಂದೂರಿಗೆ ಅಲೆದು, ಒಟ್ಟು ಆರು ತಂಡಗಳ ಪರ 468 ಪಂದ್ಯಗಳನ್ನಾಡಿ ಅವರು ಸ್ವದೇಶಕ್ಕೆ ಮರಳಿದರು.

ಮಿಲಿಚಿಚ್ ಅವರ ದೋಷವೇನೂ ಇಲ್ಲವೆಂದು ನಾನು ವಾದಿಸುತ್ತಿಲ್ಲ. ಆರು ತಂಡಗಳಲ್ಲಿ ದೊರೆತ ಅವಕಾಶಗಳನ್ನು ಅವರು ಪೂರ್ತಿಯಾಗಿ ಬಳಸಿಕೊಂಡರೆಂದು ಹೇಳಲಾಗದು. ನನ್ನ ಆಕ್ಷೇಪವಿರುವುದು ನಾವು ತೀರ್ಪು ನೀಡುವ ಕ್ರಮದ ಬಗ್ಗೆ. ಎರಡನೆಯ ಸ್ಥಾನವನ್ನು ಅವರು ಕೇಳಿ ಪಡೆದದ್ದಲ್ಲ. ಅದು ಬೇರೆಯವರು ಕಟ್ಟಿದ ಅಂದಾಜು. ಅಂದಾಜು ಕೈಕೊಟ್ಟಾಗ ಕಟ್ಟಿದವರ ಹೆಸರು ಮರೆತುಹೋಯಿತು, ಹುಡುಗನ ಹೆಸರು ನಗೆಪಾಟಲಾಯಿತು. ಅವರೇ ಇಪ್ಪತ್ತನೆಯವರಾಗಿ ಆಯ್ಕೆಯಾಗಿದ್ದರೆ ಹತ್ತು ಋತುಗಳ ಅದೇ ವೃತ್ತಿಜೀವನವನ್ನು ಯಾರೂ ಸೋಲೆಂದು ಕರೆಯುತ್ತಿರಲಿಲ್ಲ.

ಪಟ್ಟಿಯ ಇನ್ನೊಂದು ತುದಿಯನ್ನು ನೋಡಿ. 51ನೆಯವರಾಗಿ ಆಯ್ಕೆಯಾದ ಕೈಲ್ ಕೋರ್ವರ್ ಅವರನ್ನು ನ್ಯೂಜೆರ್ಸಿ ತಂಡವು ಕೂಡಲೇ ಫಿಲಡೆಲ್ಫಿಯಾಕ್ಕೆ ನಗದಿಗೆ ಮಾರಿಬಿಟ್ಟಿತು. ಬಂದ ಹಣದಲ್ಲಿ ಒಂದಷ್ಟು ಕಚೇರಿಯ ಜೆರಾಕ್ಸ್ ಯಂತ್ರ ಕೊಳ್ಳಲು ವೆಚ್ಚವಾಯಿತೆಂದು ಕೋರ್ವರ್ ಅವರೇ ನಗುತ್ತ ಹೇಳಿಕೊಂಡಿದ್ದಾರೆ. ಅವರು 17 ಋತುಗಳನ್ನಾಡಿ, ದೂರದಿಂದ ಚೆಂಡೆಸೆಯುವ ಕಲೆಯಲ್ಲಿ ನಿಪುಣರೆನಿಸಿ, 2,450 ಮೂರಂಕದ ಬುಟ್ಟಿಗಳನ್ನು ಹಾಕಿದರು. ಅವರಿಂದ ಯಾರೂ ಏನನ್ನೂ ನಿರೀಕ್ಷಿಸಿರಲಿಲ್ಲ. ಹಾಗಾಗಿ ನಿಧಾನವಾಗಿ ಬೆಳೆಯುವ ಸ್ವಾತಂತ್ರ್ಯ ಅವರಿಗಿತ್ತು. ಮಿಲಿಚಿಚ್‌ಗೆ ಇಲ್ಲದೆ ಹೋದದ್ದು ಅದೇ.

2003ರ ತಂಡವನ್ನು ನೆನೆಯುವಾಗ ಅಂಕ, ಪದಕಗಳಿಗಿಂತ ನನಗೆ ಮುಖ್ಯವಾಗಿ ತೋರುವುದು 2010ರ ಬೇಸಿಗೆ. ಜೇಮ್ಸ್, ವೇಡ್ ಮತ್ತು ಬಾಷ್ 2006ರಲ್ಲಿ ದೀರ್ಘಾವಧಿಯ ಒಪ್ಪಂದವನ್ನು ಬಿಟ್ಟು ಕಡಿಮೆ ಅವಧಿಯದಕ್ಕೆ ಸಹಿ ಹಾಕಿದ್ದರು. ನಾಲ್ಕು ವರ್ಷಗಳ ನಂತರ ಮೂವರೂ ಏಕಕಾಲಕ್ಕೆ ಬಂಧಮುಕ್ತರಾಗಿ ಮಯಾಮಿಯಲ್ಲಿ ಒಂದುಗೂಡಿದರು. ಅದು ಅಹಂಕಾರವೆಂದು ಹಲವರು ಟೀಕಿಸಿದರು. ಕ್ಲೀವ್‌ಲ್ಯಾಂಡ್‌ನ ಅಭಿಮಾನಿಗಳು ಜೇಮ್ಸ್ ಅವರ ಅಂಗಿಗಳನ್ನು ಸುಟ್ಟರು. ಆದರೆ ಏಳು ವರ್ಷಗಳ ಹಿಂದೆ ತಂಡಗಳು ಹುಡುಗರನ್ನು ಆರಿಸಿದ್ದಾಗ ಅದನ್ನು ಯಾರೂ ಅಹಂಕಾರವೆಂದಿರಲಿಲ್ಲ. ಈಗ ಆರಿಸಿದವರು ಆಟಗಾರರಾಗಿದ್ದರು, ಅಷ್ಟೇ ವ್ಯತ್ಯಾಸ. 2012 ಮತ್ತು 2013ರಲ್ಲಿ ಪ್ರಶಸ್ತಿಗಳು ಬಂದವು. ಜೇಮ್ಸ್ ಹುಟ್ಟೂರಿನತ್ತ ಮರಳಿ 2016ರಲ್ಲಿ ಕ್ಲೀವ್‌ಲ್ಯಾಂಡ್‌ಗೆ ಮೊಟ್ಟಮೊದಲ ಕಿರೀಟ ತೊಡಿಸಿದರು. ಅದು ಸರದಿ ಕಳುಹಿಸಿದ ಊರಾಗಿರಲಿಲ್ಲ, ಅವರೇ ಆರಿಸಿಕೊಂಡ ಊರಾಗಿತ್ತು.

ಆಯ್ಕೆಯ ಹಕ್ಕು ಕೈಗೆ ಬರುವವರೆಗೆ ಮಿಲಿಚಿಚ್ ಅವರ ಉತ್ಸಾಹ ಉಳಿಯಲಿಲ್ಲ. ಅವರು ಸರ್ಬಿಯಾದಲ್ಲಿ ಸೇಬಿನ ತೋಟ ಮಾಡಿದರು. ಆ ಕಸುಬನ್ನಾದರೂ ಅವರಿಗಾಗಿ ಯಾರೂ ಆರಿಸಿರಲಿಲ್ಲ. ಇಂದಿಗೂ ಪ್ರತಿ ಜೂನ್‌ನಲ್ಲಿ ಹೊಸ ಪಟ್ಟಿ ಬಂದಾಗ ಅಲ್ಲಿನ ವಿಶ್ಲೇಷಕರು ಮುಂದಿನ ಮಿಲಿಚಿಚ್ ಯಾರೆಂದು ಕೇಳುತ್ತಾರೆ. ಮುಂದಿನ ತಪ್ಪು ಲೆಕ್ಕ ಯಾವ ತಂಡದ್ದು ಎಂದು ಕೇಳುವುದು ಹೆಚ್ಚು ನ್ಯಾಯವಾದೀತು.