ಹೃದಯದ ನಕ್ಷೆ ಬಿಡಿಸುವ ಯಂತ್ರಗಳು: ಯಾವುದು ಉತ್ತಮ?

ಉದ್ಯೋಗಕ್ಕಾಗಿ ಕರಾವಳಿಯಿಂದ ಬೆಂಗಳೂರಿಗೆ ಹೋಗಿ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಕಡೆಗಳಲ್ಲಿ ನೆಲೆಸಿದ ಕುಟುಂಬಗಳು ಅನೇಕ. ಊರಿನಲ್ಲಿರುವ ತಂದೆ ತಾಯಿಗೆ ಹೃದಯದ ತೊಂದರೆ ಕಾಣಿಸಿಕೊಂಡರೆ ಮಕ್ಕಳ ಮನೆಗೆ ಕರೆದೊಯ್ದು ಅಲ್ಲಿಯೇ ಚಿಕಿತ್ಸೆ ಕೊಡಿಸುವುದುಂಟು. 'ಏಟ್ರಿಯಲ್ ಫಿಬ್ರಿಲೇಷನ್' ಎಂಬ ಹೃದಯ ಬಡಿತದ ಏರುಪೇರಿಗೆ ವೈದ್ಯರು 'ಅಬ್ಲೇಶನ್' ಚಿಕಿತ್ಸೆಯನ್ನು ಸೂಚಿಸಿದಾಗ ಮನೆಯವರ ಮುಂದೆ ಹೊಸ ಹೆಸರುಗಳು ಬಂದು ನಿಲ್ಲುತ್ತವೆ. ಒಂದು ಆಸ್ಪತ್ರೆಯಲ್ಲಿ 'ಕಾರ್ಟೋ', ಇನ್ನೊಂದರಲ್ಲಿ 'ಎನ್‌ಸೈಟ್', ಮತ್ತೊಂದರಲ್ಲಿ ಇನ್ನೂ ಹೊಸದು. ಖರ್ಚಿನ ಅಂದಾಜು ಲಕ್ಷಗಳಲ್ಲಿರುತ್ತದೆ. ಯಾವುದನ್ನು ಆರಿಸಬೇಕು ಎಂಬ ಗೊಂದಲ ಸಹಜ. ಈ ಯಂತ್ರಗಳು ಏನು ಮಾಡುತ್ತವೆ, ಅವುಗಳಲ್ಲಿ ವ್ಯತ್ಯಾಸವೇನು ಎಂದು ಇಲ್ಲಿ ತಿಳಿದುಕೊಳ್ಳೋಣ.

ರೋಗವೇನು?

ಹೃದಯದ ಮೇಲಿನ ಎರಡು ಕೋಣೆಗಳಿಗೆ ಹೃತ್ಕರ್ಣ ಎನ್ನುತ್ತಾರೆ. ಏಟ್ರಿಯಲ್ ಫಿಬ್ರಿಲೇಷನ್‌ನಲ್ಲಿ ಈ ಕೋಣೆಗಳು ಕ್ರಮವಾಗಿ ಬಡಿಯದೆ ನಿಮಿಷಕ್ಕೆ 350ಕ್ಕೂ ಹೆಚ್ಚು ಬಾರಿ ಅದುರುತ್ತವೆ. ರಕ್ತ ಸರಿಯಾಗಿ ಮುಂದೆ ಸಾಗದೆ ಎಡ ಹೃತ್ಕರ್ಣದ ಮೂಲೆಯಲ್ಲಿ ನಿಂತು ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಮೆದುಳಿಗೆ ಹೋದರೆ ಪಾರ್ಶ್ವವಾಯು. ಈ ರೋಗವಿರುವವರಿಗೆ ಪಾರ್ಶ್ವವಾಯುವಿನ ಅಪಾಯ ಇತರರಿಗಿಂತ ಸುಮಾರು 5 ಪಟ್ಟು ಹೆಚ್ಚು.

1998ರಲ್ಲಿ ಫ್ರಾನ್ಸಿನ ಬೋರ್ಡೋ ನಗರದ ಡಾ. ಮಿಶೆಲ್ ಹೈಸಾಗೇರ್ ಮತ್ತು ಸಂಗಡಿಗರು ಮಹತ್ವದ ಸಂಗತಿಯೊಂದನ್ನು ಕಂಡುಕೊಂಡರು. ಈ ಅದುರುವಿಕೆಯನ್ನು ಆರಂಭಿಸುವ ಕಿಡಿಗಳಲ್ಲಿ ಹೆಚ್ಚಿನವು ಶ್ವಾಸಕೋಶದಿಂದ ಹೃದಯಕ್ಕೆ ರಕ್ತ ತರುವ ಅಭಿಧಮನಿಗಳ ಒಳಗಿನಿಂದ ಹುಟ್ಟುತ್ತವೆ. ಆದುದರಿಂದ ಈ ರಕ್ತನಾಳಗಳು ಎಡ ಹೃತ್ಕರ್ಣವನ್ನು ಸೇರುವ ಬಾಯಿಗಳ ಸುತ್ತ ಸುಟ್ಟು ಬೇಲಿ ಹಾಕಿದರೆ ಕಿಡಿ ಹೊರಗೆ ಬರುವುದಿಲ್ಲ. ಅಬ್ಲೇಶನ್ ಎಂದರೆ ಮುಖ್ಯವಾಗಿ ಇದೇ. ತೊಡೆಸಂದಿನ ರಕ್ತನಾಳದ ಮೂಲಕ ಕ್ಯಾತಿಟರ್ ಎಂಬ ತೆಳುವಾದ ಕೊಳವೆಯನ್ನು ಹೃದಯಕ್ಕೆ ಕಳುಹಿಸಿ ಇದನ್ನು ಮಾಡಲಾಗುತ್ತದೆ.

ನಕ್ಷೆ ಏಕೆ ಬೇಕು?

ಎಕ್ಸ್‌ರೇಯಲ್ಲಿ ಕ್ಯಾತಿಟರ್ ಕಾಣುತ್ತದೆ, ಹೃದಯದ ಒಳಗೋಡೆ ಸ್ಪಷ್ಟವಾಗಿ ಕಾಣುವುದಿಲ್ಲ. ಕ್ಯಾತಿಟರಿನ ತುದಿ ಮುಟ್ಟಿದ ಜಾಗಗಳನ್ನೆಲ್ಲ ಕಂಪ್ಯೂಟರ್ ಜೋಡಿಸಿ ಕೋಣೆಯ ಆಕಾರವನ್ನು ಮೂರು ಆಯಾಮಗಳಲ್ಲಿ ಪರದೆಯ ಮೇಲೆ ಬಿಡಿಸುತ್ತದೆ. ಎಲ್ಲೆಲ್ಲಿ ಸುಟ್ಟಾಗಿದೆ ಎಂದು ಚುಕ್ಕೆಯಿಟ್ಟು ತೋರಿಸುತ್ತದೆ. ಇದರಿಂದ ಎಕ್ಸ್‌ರೇ ಬಳಕೆ ಕಡಿಮೆಯಾಗುತ್ತದೆ.

ಕಾರ್ಟೋ: ಇದು ಜಾನ್ಸನ್ ಅಂಡ್ ಜಾನ್ಸನ್ ಸಂಸ್ಥೆಯದು. ರೋಗಿಯ ಮೇಜಿನ ಕೆಳಗಿನ ಸುರುಳಿಗಳು ಬಹಳ ದುರ್ಬಲವಾದ ಅಯಸ್ಕಾಂತ ಕ್ಷೇತ್ರವನ್ನು ಉಂಟುಮಾಡುತ್ತವೆ. ಕ್ಯಾತಿಟರಿನ ತುದಿಯಲ್ಲಿರುವ ಸಣ್ಣ ಸಂವೇದಕ ಅದನ್ನು ಗ್ರಹಿಸಿ ತಾನಿರುವ ಜಾಗವನ್ನು ತಿಳಿಸುತ್ತದೆ. ನಿಖರತೆ ಇದರ ಬಲ. ಆದರೆ ಇದಕ್ಕೆ ಹೊಂದುವ ಸಂವೇದಕವುಳ್ಳ ಕ್ಯಾತಿಟರನ್ನೇ ಬಳಸಬೇಕು.

ಎನ್‌ಸೈಟ್: ಇದು ಅಬಾಟ್ ಸಂಸ್ಥೆಯದು. ರೋಗಿಯ ಮೈಮೇಲೆ ಮೂರು ಜೊತೆ ಪಟ್ಟಿಗಳನ್ನು ಅಂಟಿಸಿ ಅತಿ ಸಣ್ಣ ವಿದ್ಯುತ್ತನ್ನು ಹರಿಸಲಾಗುತ್ತದೆ. ದೇಹ ಆ ವಿದ್ಯುತ್ತಿಗೆ ಒಡ್ಡುವ ತಡೆಯನ್ನು ಅಳೆದು ಕ್ಯಾತಿಟರ್ ಎಲ್ಲಿದೆ ಎಂದು ಲೆಕ್ಕ ಹಾಕುತ್ತದೆ. ಬೇರೆ ಬೇರೆ ಕಂಪನಿಗಳ ಕ್ಯಾತಿಟರುಗಳೂ ಇದರಲ್ಲಿ ಕಾಣುವುದು ಅನುಕೂಲ. ಆದರೆ ಉಸಿರಾಟ, ದೇಹದ ದ್ರವದ ಏರಿಳಿತ ಮೊದಲಾದವುಗಳಿಂದ ನಕ್ಷೆ ಸ್ವಲ್ಪ ಜರುಗಬಹುದು.

ರಿದ್ಮಿಯಾ: ಇದು ಬಾಸ್ಟನ್ ಸೈಂಟಿಫಿಕ್ ಸಂಸ್ಥೆಯದು. 64 ಸಣ್ಣ ವಿದ್ಯುದ್ವಾರಗಳಿರುವ ಪುಟ್ಟ ಬುಟ್ಟಿಯಂತಹ ಕ್ಯಾತಿಟರ್ ಕೆಲವೇ ನಿಮಿಷಗಳಲ್ಲಿ ಸಾವಿರಾರು ಜಾಗಗಳ ಮಾಹಿತಿಯನ್ನು ಸಂಗ್ರಹಿಸುತ್ತದೆ. ಒಮ್ಮೆ ಅಬ್ಲೇಶನ್ ಆದ ನಂತರ ಮತ್ತೆ ಬರುವ ಜಟಿಲ ಬಡಿತಗಳನ್ನು ಹುಡುಕಲು ಇಂತಹ ದಟ್ಟ ನಕ್ಷೆ ಉಪಯುಕ್ತ.

ಈಗ ಈ ವ್ಯತ್ಯಾಸಗಳು ಮೊದಲಿನಷ್ಟು ಉಳಿದಿಲ್ಲ. 2009ರಲ್ಲಿ ಬಂದ ಕಾರ್ಟೋ 3 ವಿದ್ಯುತ್ತನ್ನೂ ಬಳಸುತ್ತದೆ. ಹೊಸ ಎನ್‌ಸೈಟ್ ಅಯಸ್ಕಾಂತವನ್ನೂ ಬಳಸುತ್ತದೆ. ದಟ್ಟ ನಕ್ಷೆ ಬಿಡಿಸುವ ಕ್ಯಾತಿಟರುಗಳು ಮೂವರಲ್ಲೂ ಇವೆ.

ಆಸ್ಪತ್ರೆಯವರು ತೋರಿಸುವ ಬಣ್ಣದ ಚಿತ್ರಗಳನ್ನು ಕಂಡು ಗಾಬರಿಯಾಗಬೇಡಿ. ವಿದ್ಯುತ್ತಿನ ಬಲವನ್ನು ತೋರಿಸುವ ನಕ್ಷೆಯಲ್ಲಿ ಸಾಮಾನ್ಯವಾಗಿ ಕೆಂಪು ಎಂದರೆ ದುರ್ಬಲ ಭಾಗ. ವಿದ್ಯುತ್ತು ಸಾಗುವ ಕ್ರಮವನ್ನು ತೋರಿಸುವ ನಕ್ಷೆಯಲ್ಲಿ ಅದೇ ಕೆಂಪು ಎಂದರೆ ಮೊದಲು ಚುರುಕಾಗುವ ಭಾಗ. ಯಾವ ನಕ್ಷೆ ಎಂದು ಕೇಳಿ ತಿಳಿದುಕೊಳ್ಳಬೇಕು.

ನಕ್ಷೆಯಿಂದ ಫಲ ಹೆಚ್ಚುತ್ತದೆಯೇ?

ಈ ಪ್ರಶ್ನೆಗೆ ಎರಡು ದೊಡ್ಡ ಅಧ್ಯಯನಗಳು ಬೆಳಕು ಚೆಲ್ಲುತ್ತವೆ. 'ಸ್ಟಾರ್ ಎಎಫ್ 2' ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಬಿಡದೆ ಕಾಡುವ ಫಿಬ್ರಿಲೇಷನ್ ಇದ್ದ 589 ರೋಗಿಗಳಲ್ಲಿ ಕೆಲವರಿಗೆ ಅಭಿಧಮನಿಗಳ ಸುತ್ತ ಮಾತ್ರ ಸುಡಲಾಯಿತು. ಉಳಿದವರಿಗೆ ಅದರ ಜೊತೆಗೆ ವಿದ್ಯುತ್ ಸಂಕೇತ ಅಸ್ತವ್ಯಸ್ತವಾಗಿದ್ದ ಜಾಗಗಳನ್ನೋ ಹೆಚ್ಚಿನ ಗೆರೆಗಳನ್ನೋ ಸುಡಲಾಯಿತು. ಹೆಚ್ಚು ಸುಟ್ಟಿದ್ದರಿಂದ ಹೆಚ್ಚಿನ ಪ್ರಯೋಜನವಾಗಲಿಲ್ಲ.

'ಫೈರ್ ಅಂಡ್ ಐಸ್' ಎಂಬ ಯುರೋಪಿನ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಬಂದು ಹೋಗುವ ಫಿಬ್ರಿಲೇಷನ್ ಇದ್ದ 762 ರೋಗಿಗಳಲ್ಲಿ ಒಂದು ಗುಂಪಿಗೆ ಮೂರು ಆಯಾಮದ ನಕ್ಷೆಯ ನೆರವಿನಿಂದ ಬಿಂದು ಬಿಂದುವಾಗಿ ಸುಡಲಾಯಿತು. ಇನ್ನೊಂದು ಗುಂಪಿಗೆ ಅತಿ ಶೀತಲ ಬಲೂನಿನಿಂದ ಅದೇ ಬೇಲಿ ಹಾಕಲಾಯಿತು. ಈ ಬಲೂನಿಗೆ ಸಾಮಾನ್ಯವಾಗಿ ನಕ್ಷೆ ಬೇಕಿಲ್ಲ. ಎಕ್ಸ್‌ರೇ ಸಮಯ ನಕ್ಷೆಯ ಗುಂಪಿನಲ್ಲಿ ಕಡಿಮೆಯಿತ್ತು. ಆದರೆ ರೋಗ ಮರುಕಳಿಸದಂತೆ ತಡೆಯುವಲ್ಲಿ ಬಲೂನು ಹಿಂದೆ ಬೀಳಲಿಲ್ಲ.

ಇದರಿಂದ ತಿಳಿಯುವುದು ಇಷ್ಟೇ: ನಕ್ಷೆ ದಾರಿ ತೋರಿಸುತ್ತದೆ, ಬೇಲಿಯನ್ನು ಬಿರುಕಿಲ್ಲದೆ ಹಾಕುವುದು ವೈದ್ಯರ ಕೈ. ಮೊದಲ ಬಾರಿಯ ಸಾಮಾನ್ಯ ಚಿಕಿತ್ಸೆಗೆ ಯಂತ್ರದ ಹೆಸರು ನೋಡಿ ಹೆಚ್ಚು ಸಾಲ ಮಾಡಬೇಕಾಗಿಲ್ಲ. ಶಾಖದ ಬದಲು ವಿದ್ಯುತ್ ಮಿಡಿತಗಳನ್ನು ಬಳಸುವ 'ಪಲ್ಸ್ಡ್ ಫೀಲ್ಡ್' ಎಂಬ ಹೊಸ ವಿಧಾನಕ್ಕೆ ಅಮೆರಿಕದಲ್ಲಿ 2023ರ ಕೊನೆಯಲ್ಲಿ ಮಂಜೂರಾತಿ ದೊರೆಯಿತು. ಅದರ ಗುರಿಯೂ ಮುಖ್ಯವಾಗಿ ಅದೇ ಅಭಿಧಮನಿಗಳ ಬಾಯಿ.

ಒಪ್ಪಿಗೆಗೆ ಸಹಿ ಹಾಕುವ ಮುನ್ನ ಕೇಳಬೇಕಾದ ಪ್ರಶ್ನೆಗಳು

1. ಈ ವೈದ್ಯರು ವರ್ಷಕ್ಕೆ ಎಷ್ಟು ಫಿಬ್ರಿಲೇಷನ್ ಅಬ್ಲೇಶನ್ ಮಾಡುತ್ತಾರೆ? ತೊಡಕಾದರೆ ಕೂಡಲೇ ಶಸ್ತ್ರಚಿಕಿತ್ಸೆ ಮಾಡಲು ಅಲ್ಲಿ ವ್ಯವಸ್ಥೆ ಇದೆಯೇ?

2. ರೋಗ ಬಂದು ಹೋಗುವ ವಿಧವೋ, ಬಿಡದೆ ಇರುವ ವಿಧವೋ? ಬಂದು ಹೋಗುವ ವಿಧದಲ್ಲಿ ಫಲ ಹೆಚ್ಚು. ಎರಡನೇ ಬಾರಿ ಮಾಡಬೇಕಾಗಿ ಬರುವುದೂ ಉಂಟು.

3. ಕವಾಟ ಸರಿಯಿದೆಯೇ? ಬಾಲ್ಯದ ರುಮ್ಯಾಟಿಕ್ ಜ್ವರದಿಂದ ಕವಾಟ ಕೆಟ್ಟವರು ನಮ್ಮಲ್ಲಿ ಇನ್ನೂ ಇದ್ದಾರೆ. ಅವರ ಚಿಕಿತ್ಸೆಯ ಕ್ರಮವೇ ಬೇರೆ.

4. ಅಂದಾಜು ಪಟ್ಟಿಯಲ್ಲಿ ಕ್ಯಾತಿಟರುಗಳ ಬೆಲೆ ಸೇರಿದೆಯೇ? ಇದನ್ನು ಬರಹದಲ್ಲಿ ಕೇಳಿ. ವಿಮೆ ಅಥವಾ ಆಯುಷ್ಮಾನ್ ಕಾರ್ಡ್ ಇದ್ದರೆ ದಾಖಲಾಗುವ ಮೊದಲೇ ವಿಚಾರಿಸಿ.

ಎರಡನೇ ಅಭಿಪ್ರಾಯ ಪಡೆಯುವುದರಲ್ಲಿ ಸಂಕೋಚ ಬೇಡ. ಸರ್ಕಾರದ ಸ್ವಾಯತ್ತ ಸಂಸ್ಥೆಯಾದ ಶ್ರೀ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಬಡಿತದ ತೊಂದರೆಗಳಿಗೆ ತಜ್ಞರ ವಿಭಾಗವಿದೆ. ರಾಜಾಜಿನಗರದವರು ಹಸಿರು ಮಾರ್ಗದ ಮೆಟ್ರೋದಲ್ಲಿ ಆರ್.ವಿ. ರಸ್ತೆಗೆ ಹೋಗಿ, ಅಲ್ಲಿಂದ 2025ರ ಆಗಸ್ಟ್‌ನಲ್ಲಿ ಆರಂಭವಾದ ಹಳದಿ ಮಾರ್ಗದಲ್ಲಿ ಜಯದೇವ ಆಸ್ಪತ್ರೆ ನಿಲ್ದಾಣಕ್ಕೆ ತಲುಪಬಹುದು. ಕೆಂಗೇರಿ, ವಿಜಯನಗರ ಕಡೆಯವರು ನೇರಳೆ ಮಾರ್ಗದಲ್ಲಿ ಬಂದು ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಿಸಬೇಕು.

ಊರಿಗೆ ಮರಳಿದ ಮೇಲೆ

ಚಿಕಿತ್ಸೆ ಮುಗಿಸಿ ಊರಿಗೆ ಬಂದವರು "ಹೃದಯ ಸರಿಯಾಯಿತು" ಎಂದು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು. ಎಲ್ಲರಿಗೂ ಕನಿಷ್ಠ 2ರಿಂದ 3 ತಿಂಗಳು ಅದು ಬೇಕು. ವಯಸ್ಸು, ಸಕ್ಕರೆ ಕಾಯಿಲೆ, ರಕ್ತದೊತ್ತಡ ಅಥವಾ ಹಿಂದೆ ಪಾರ್ಶ್ವವಾಯು ಆಗಿದ್ದ ಕಾರಣ ಅಪಾಯ ಹೆಚ್ಚಿರುವವರಿಗೆ, ಬಡಿತ ಸರಿಯಾದರೂ ಮುಂದುವರಿಸಬೇಕಾಗುತ್ತದೆ. ಮೊದಲ ಕೆಲವು ವಾರಗಳಲ್ಲಿ ಬಡಿತ ಮತ್ತೆ ತಪ್ಪಿದರೆ ಚಿಕಿತ್ಸೆ ವಿಫಲವಾಯಿತೆಂದು ಎದೆಗುಂದಬೇಕಾಗಿಲ್ಲ. ಆದರೆ ಆ ದಿನಗಳಲ್ಲಿ ಜ್ವರ, ನುಂಗುವಾಗ ನೋವು, ಮಾತು ತೊದಲುವುದು ಅಥವಾ ಕೈಕಾಲು ಸೋಲುವುದು ಕಂಡುಬಂದರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಿ ಅಬ್ಲೇಶನ್ ಆಗಿದೆ ಎಂದು ಮೊದಲೇ ತಿಳಿಸಬೇಕು.

ರೋಗಿಗಳ ಮನೆಗೆ ಭೇಟಿ ಕೊಡುವ ವಾರ್ಡಿನ ಗುರಿಕಾರರು, ಸೇವಾ ಸಂಘದ ಸದಸ್ಯರು ಯಂತ್ರ ಯಾವುದೆಂದು ವಿಚಾರಿಸುವ ಬದಲು "ಮಾತ್ರೆ ತಪ್ಪದೆ ತೆಗೆದುಕೊಳ್ಳುತ್ತಿದ್ದೀರಾ?" ಎಂದು ಕೇಳಿದರೆ ಸಾಕು. ಅದರಿಂದ ಒಂದು ಪಾರ್ಶ್ವವಾಯು ತಪ್ಪಬಹುದು.