ಆಹಾರಚೀಲದ ಶಾಸನ: ಸಣ್ಣ ತಳಿಯ ನಾಯಿಗೆ ಒಣ ಆಹಾರವನ್ನು ಆರಿಸುವ ವಿಚಾರ

ಆತಕೂರಿನ ಶಾಸನವು ಕರ್ನಾಟಕದ ಇತಿಹಾಸವನ್ನು ಓದಿದವರಿಗೆಲ್ಲ ಪರಿಚಿತವಾದುದು. ಕ್ರಿ. ಶ. 949–50ರ ಈ ಕಲ್ಲು ಇಂದು ಬೆಂಗಳೂರಿನ ಸರಕಾರೀ ವಸ್ತುಸಂಗ್ರಹಾಲಯದಲ್ಲಿರುವುದು. ತಕ್ಕೋಲದ ಕಾಳಗದಲ್ಲಿ ಪರಾಕ್ರಮವನ್ನು ಮೆರೆದ ಮಣಲೆರನಿಗೆ ಗಂಗ ಬೂತುಗನು ಮೆಚ್ಚಿ ಬೇಡಿದುದನ್ನು ಕೊಡಲೊಪ್ಪಲು, ಅವನು ಬೇಡಿದುದು ಕಾಳಿಯೆಂಬ ಬೇಟೆನಾಯಿಯನ್ನು. ಆ ನಾಯಿಯು ಕಾಡುಹಂದಿಯೊಡನೆ ಹೋರಾಡಿ ಹಂದಿಯೊಡನೆಯೇ ಮಡಿಯಿತು. ಅದರ ನೆನಪಿಗೆ ಕಲ್ಲನ್ನು ನಿಲ್ಲಿಸಿ, ಭೂಮಿಯನ್ನು ಬಿಟ್ಟು, ಆ ಕಲ್ಲಿಗೆ ಪೂಜೆಯನ್ನು ಸಲ್ಲಿಸದೆ ಉಣ್ಣುವ ಗೊರವನಿಗೆ ಪಾಪವುಂಟೆಂದು ವಿಧಿಸಲಾಯಿತು. ನಾಯಿಗಾಗಿ ಅರ್ಚಕನ ಊಟವನ್ನೇ ಕಟ್ಟುಪಾಡಿಗೆ ಒಳಪಡಿಸಿದ ಈ ಶಾಸನವು ಕಾಳಿಯು ಸ್ವತಃ ಏನನ್ನು ತಿಂದು ಬದುಕಿತ್ತೆಂಬುದನ್ನು ಮಾತ್ರ ತಿಳಿಸುವುದಿಲ್ಲ.

ಸಂಶೋಧನ ಪತ್ರಿಕೆಯಲ್ಲಿ ನಾಯಿಯ ಆಹಾರದ ವಿಚಾರವೇಕೆಂದು ವಾಚಕರು ಕೇಳುವುದು ಸಹಜ. ಅಂಕೋಲೆ ತಾಲೂಕಿನ ಮಂಜಗುಣಿಯಲ್ಲಿ, ಗಂಗಾವಳಿಯು ಕಡಲನ್ನು ಸೇರುವೆಡೆಯಲ್ಲಿ, ನಮ್ಮ ಮನೆಯಿರುವುದು. ಹಿಂದೆ ಇಲ್ಲಿಯ ನಾಯಿಗಳು ಮನೆಯವರುಂಡು ಮಿಕ್ಕ ಗಂಜಿ, ಮೀನಿನ ತಲೆ, ದಡದಲ್ಲಿ ಉಳಿದ ತಾರ್ಲೆ, ಬಂಗಡೆಗಳಿಂದಲೇ ಹೊಟ್ಟೆ ಹೊರೆಯುತ್ತಿದ್ದುವು. ಈಗ ಪಗ್ ಮೊದಲಾದ ಸಣ್ಣ ತಳಿಗಳೂ, ಜನರು ಪೊಮೆರೇನಿಯನ್ ಎಂದು ಕರೆಯುವ, ಆದರೆ ಬಹುಮಟ್ಟಿಗೆ ಭಾರತೀಯ ಸ್ಪಿಟ್ಜ್ ತಳಿಗೆ ಸೇರಿದ ಬಿಳಿಯ ನಾಯಿಗಳೂ ಮನೆಗಳಿಗೆ ಬಂದಿವೆ. ಅವುಗಳ ಹಿಂದೆಯೇ ಬಣ್ಣಬಣ್ಣದ ಆಹಾರಚೀಲಗಳೂ ಬಂದಿವೆ. ಚೀಲವು ಒಂದು ಲಿಖಿತ ದಾಖಲೆ. ಲಿಖಿತ ದಾಖಲೆಯನ್ನು ಪರೀಕ್ಷಿಸುವುದು ನಮ್ಮ ಕಸುಬು. ಆ ಕಸುಬನ್ನು ನಮ್ಮ ಮನೆಯ ಅಡಿಗೆಕೋಣೆಯಲ್ಲಿ ಸಕಾಲಕ್ಕೆ ಬಳಸದೆ ಹೋದುದೇ ಈ ಲೇಖನಕ್ಕೆ ಕಾರಣ.

ಈ ದಾಖಲೆಯ ವಂಶಾವಳಿಯು ಬಹಳ ಹಳೆಯದಲ್ಲ. 1860ರ ಸುಮಾರಿಗೆ ಜೇಮ್ಸ್ ಸ್ಪ್ರಾಟ್ ಎಂಬ ಅಮೆರಿಕದ ವ್ಯಾಪಾರಿಯು ಲಂಡನ್ನಿನಲ್ಲಿ ಗೋದಿ, ತರಕಾರಿ ಹಾಗೂ ಮಾಂಸವನ್ನು ಬೆರಸಿ ಬೇಯಿಸಿದ ನಾಯಿಯ ಬಿಸ್ಕತ್ತುಗಳನ್ನು ಮಾರತೊಡಗಿದನು. ಅವನ ಸಂಸ್ಥೆಯಲ್ಲಿ ದುಡಿದ ಚಾರ್ಲ್ಸ್ ಕ್ರಫ್ಟ್ ಎಂಬವನೇ ಮುಂದೆ 1891ರಲ್ಲಿ ತನ್ನ ಹೆಸರಿನ ಪ್ರಸಿದ್ಧ ಶ್ವಾನಪ್ರದರ್ಶನವನ್ನು ಆರಂಭಿಸಿದುದು. ಆಹಾರದ ಮಾರಾಟವೂ ತಳಿಯ ಪ್ರತಿಷ್ಠೆಯೂ ಒಂದೇ ಅಂಗಡಿಯಲ್ಲಿ ಬೆಳೆದುವೆಂಬುದು ಗಮನಾರ್ಹ. ಹಿಟ್ಟಿನ ಮಿಶ್ರಣವನ್ನು ಆವಿ ಹಾಗೂ ಒತ್ತಡದಲ್ಲಿ ಬೇಯಿಸಿ, ತೂತಿನ ಮೂಲಕ ಹೊರದಬ್ಬಿ ಉಬ್ಬಿಸುವ ಇಂದಿನ ಕಾಳುರೂಪದ ಆಹಾರವನ್ನು ಅಮೆರಿಕದ ರಾಲ್ಸ್‌ಟನ್ ಪ್ಯೂರಿನಾ ಸಂಸ್ಥೆಯು 1957ರಲ್ಲಿ ಪೇಟೆಗೆ ತಂದಿತು.

ತಾಮ್ರಶಾಸನದಲ್ಲಿ ಮೊದಲು ಪ್ರಶಸ್ತಿ, ಅನಂತರ ದತ್ತಿಯ ವಿವರ ಹಾಗೂ ಭೂಮಿಯ ಎಲ್ಲೆಗಳು ಬರುವುದು ವಿದ್ಯಾರ್ಥಿಗಳಿಗೆ ತಿಳಿದ ವಿಷಯ. ಪ್ರಶಸ್ತಿಯಲ್ಲಿ ಅರಸನು ಸಮಸ್ತ ಭುವನಾಶ್ರಯನು. ಎಲ್ಲೆಯ ವಿವರದಲ್ಲಾದರೋ ಒಂದು ಹುಣಿಸೆಮರ, ಒಂದು ಹಳ್ಳ, ಇಷ್ಟು ಮತ್ತರು. ಇತಿಹಾಸಕಾರನು ನೆಚ್ಚುವುದು ಎರಡನೆಯದನ್ನು. ಆಹಾರದ ಚೀಲವೂ ಹೀಗೆಯೇ ಇರುವುದು. ಮುಂಬದಿಯಲ್ಲಿ ಹೊಳೆಯುವ ಕೂದಲಿನ ನಾಯಿ, ಬೇಯಿಸಿದ ಕೋಳಿಯ ತೊಡೆ, ‘ಉತ್ಕೃಷ್ಟ’, ‘ನೈಸರ್ಗಿಕ’ ಎಂಬ ಬಿರುದುಗಳು. ಹಿಂಬದಿಯಲ್ಲಿ ಇರುವೆಸಾಲಿನಂಥ ಅಕ್ಷರಗಳಲ್ಲಿ ಎಲ್ಲೆಯ ವಿವರ.

ಹಿಂಬದಿಯಲ್ಲಿ ಮೊದಲು ಹುಡುಕಬೇಕಾದುದು, ಈ ಆಹಾರವು ತಾನೊಂದೇ ನಾಯಿಗೆ ಸಾಕಾಗುವ ಸಂಪೂರ್ಣ ಆಹಾರವೇ, ಹೌದಾದರೆ ಯಾವ ವಯಸ್ಸಿಗೆ ಎಂಬ ಹೇಳಿಕೆಯನ್ನು. ಅಮೆರಿಕದ ಪಶು ಆಹಾರ ನಿಯಂತ್ರಣಾಧಿಕಾರಿಗಳ ಸಂಘದ ಮಾನದಂಡವನ್ನು ಅನೇಕ ತಯಾರಕರು ಅನುಸರಿಸುವರು. ಅದರ ಪ್ರಕಾರ ನೀರಿನ ಅಂಶವನ್ನು ಕಳೆದ ಬಳಿಕ ಬೆಳೆದ ನಾಯಿಯ ಆಹಾರದಲ್ಲಿ ಸೇಕಡಾ 18ಕ್ಕೆ ಕಡಿಮೆಯಿಲ್ಲದ ಪ್ರೋಟೀನೂ 5.5ಕ್ಕೆ ಕಡಿಮೆಯಿಲ್ಲದ ಕೊಬ್ಬೂ, ಮರಿಯ ಆಹಾರದಲ್ಲಿ ಕ್ರಮವಾಗಿ 22.5 ಹಾಗೂ 8.5 ಇರಬೇಕು. ‘ನೀರಿನ ಅಂಶವನ್ನು ಕಳೆದ ಬಳಿಕ’ ಎಂಬ ಮಾತನ್ನು ಮರೆಯುವಂತಿಲ್ಲ. ಡಬ್ಬಿಯ ಹಸಿ ಆಹಾರದಲ್ಲಿ ಪ್ರೋಟೀನು ಸೇಕಡಾ 8 ಎಂದೂ ನೀರು 78 ಎಂದೂ ಇದ್ದರೆ, ಉಳಿದ 22 ಭಾಗದಲ್ಲಿ 8 ಭಾಗ, ಎಂದರೆ ಸೇಕಡಾ 36 ಪ್ರೋಟೀನು ಎಂದಾಯಿತು. ಸೇಕಡಾ 10ರಷ್ಟು ನೀರೂ 24ರಷ್ಟು ಪ್ರೋಟೀನೂ ಉಳ್ಳ ಒಣ ಆಹಾರದಲ್ಲಿ ಅದು ಸುಮಾರು 27 ಮಾತ್ರ.

ಪದಾರ್ಥಗಳ ಪಟ್ಟಿಯು ತೂಕದ ಇಳಿಕ್ರಮದಲ್ಲಿರುವುದು. ಆದರೆ ಅದು ಬೇಯಿಸುವುದಕ್ಕೆ ಮುಂಚಿನ ತೂಕ. ಹಸಿ ಕೋಳಿಮಾಂಸದಲ್ಲಿ ಸುಮಾರು ಮುಕ್ಕಾಲು ಭಾಗ ನೀರೇ ಇರುವುದರಿಂದ ಪಟ್ಟಿಯಲ್ಲಿ ಮೊದಲು ನಿಂತ ‘ಕೋಳಿ’ಯು ಕಾಳಿನೊಳಗೆ ಬಹಳ ಹಿಂದೆ ಸರಿದಿರಬಹುದು. ಒಣಗಿಸಿದ ಕೋಳಿಯ ಪುಡಿ ಎಂಬ ಮಾತು ಕೇಳುವುದಕ್ಕೆ ಹೀನವೆನಿಸಿದರೂ ಅದರಲ್ಲಿ ಪ್ರೋಟೀನು ಸಾಂದ್ರವಾಗಿರುವುದು. ಇನ್ನೊಂದು ಚಮತ್ಕಾರವೂ ಉಂಟು. ಮೆಕ್ಕೆಜೋಳ, ಮೆಕ್ಕೆಜೋಳದ ಗ್ಲುಟೆನ್, ಮೆಕ್ಕೆಜೋಳದ ತೌಡು ಎಂದು ಒಂದೇ ಧಾನ್ಯವನ್ನು ಮೂರಾಗಿ ಒಡೆದು ಬರೆದರೆ ಮೂರೂ ಮಾಂಸದ ಕೆಳಗೆ ಇಳಿಯುವುವು, ಕೂಡಿಸಿದರೆ ಮೇಲೇರುವುವು. ಹಾಗೆಂದು ಧಾನ್ಯವೆಂದರೆ ದೋಷವೆಂದಲ್ಲ. ತೋಳಕ್ಕಿಂತ ನಾಯಿಯಲ್ಲಿ ಪಿಷ್ಟವನ್ನು ಜೀರ್ಣಿಸುವ ವಂಶವಾಹಿಯ ಪ್ರತಿಗಳು ಹೆಚ್ಚಾಗಿವೆಯೆಂದು 2013ರಲ್ಲಿ ಪ್ರಕಟವಾದ ಸಂಶೋಧನೆಯು ತೋರಿಸಿತು. ನಮ್ಮ ಕರಾವಳಿಯ ನಾಯಿಗಳು ಗಂಜಿಯುಂಡು ಬಾಳಿದುದು ಸುಮ್ಮನಲ್ಲ. ಧಾನ್ಯರಹಿತವೆಂಬ ಬಿರುದಿನ ಆಹಾರಗಳಿಗೂ ನಾಯಿಗಳ ಹೃದ್ರೋಗಕ್ಕೂ ಸಂಬಂಧವುಂಟೇ ಎಂಬ ವಿಚಾರಣೆಯನ್ನು ಅಮೆರಿಕದ ಸರಕಾರವು 2018ರಲ್ಲಿ ಪ್ರಕಟಿಸಿತು. ನಿಶ್ಚಿತವಾದ ತೀರ್ಪು ಹೊರಬೀಳಲಿಲ್ಲವಾದರೂ ಆ ಬಿರುದಿಗೆ ಹೆಚ್ಚು ಬೆಲೆ ತೆರಲು ನಮಗೆ ಕಾರಣ ಕಾಣುವುದಿಲ್ಲ.

ಎಲ್ಲೆಯ ವಿವರದಲ್ಲಿಯೂ ಕೂಟಶಾಸನಗಳುಂಟು. ಪ್ರೋಟೀನನ್ನು ನೇರವಾಗಿ ಅಳೆಯದೆ, 1883ರಲ್ಲಿ ಡೆನ್ಮಾರ್ಕಿನ ಕೆಲ್ಡಾಲ್ ರೂಪಿಸಿದ ವಿಧಾನದಿಂದ ಸಾರಜನಕವನ್ನು ಅಳೆದು ಅದನ್ನು 6.25ರಿಂದ ಗುಣಿಸುವುದು ರೂಢಿ. ಸಾರಜನಕವು ಎಲ್ಲಿಂದ ಬಂದಿತೆಂಬುದನ್ನು ಈ ಲೆಕ್ಕ ಕೇಳುವುದಿಲ್ಲ. 2007ರಲ್ಲಿ ಚೀನದಿಂದ ಬಂದ ಗೋದಿಯ ಗ್ಲುಟೆನ್ನಿನಲ್ಲಿ ಮೆಲಮೈನ್ ಎಂಬ ಸಾರಜನಕಭರಿತ ರಾಸಾಯನಿಕವು ಬೆರೆತು, ಅಮೆರಿಕದಲ್ಲಿ ಅನೇಕ ನಾಯಿಬೆಕ್ಕುಗಳು ಮೂತ್ರಪಿಂಡ ಕೆಟ್ಟು ಸತ್ತುವು. ಅಂಕಿಯೊಂದನ್ನೇ ನೋಡದೆ ತಯಾರಕನ ಹೆಸರು, ವಿಳಾಸ, ತಂಡದ ಸಂಖ್ಯೆಗಳನ್ನೂ ನೋಡಬೇಕಾದುದು ಇದಕ್ಕಾಗಿಯೇ.

ಇನ್ನು ಸಣ್ಣ ತಳಿಯ ವಿಶೇಷ. ದೇಹದ ತೂಕ ಇಮ್ಮಡಿಯಾದರೆ ಶಕ್ತಿಯ ಅಗತ್ಯವು ಇಮ್ಮಡಿಯಾಗುವುದಿಲ್ಲವೆಂಬುದನ್ನು ಮ್ಯಾಕ್ಸ್ ಕ್ಲೈಬರ್ 1932ರಲ್ಲಿ ತೋರಿಸಿದನು. ಆ ಸೂತ್ರದಂತೆ ಲೆಕ್ಕಹಾಕಿದರೆ ವಿಶ್ರಾಂತಿಯಲ್ಲಿರುವ 30 ಕಿಲೊ ತೂಕದ ನಾಯಿಗೆ ಕಿಲೊ ಒಂದಕ್ಕೆ ದಿನಕ್ಕೆ ಸುಮಾರು 30 ಕಿಲೊಕ್ಯಾಲರಿ, 5 ಕಿಲೊ ತೂಕದ ನಾಯಿಗೆ ಸುಮಾರು 47 ಕಿಲೊಕ್ಯಾಲರಿ ಬೇಕು. ಹೊಟ್ಟೆ ಚಿಕ್ಕದು, ಅಗತ್ಯ ಹೆಚ್ಚು. ಆದುದರಿಂದ ಸಣ್ಣ ನಾಯಿಗೆ ಶಕ್ತಿಯು ಸಾಂದ್ರವಾಗಿರುವ, ಚಿಕ್ಕ ಬಾಯಿಗೆ ತಕ್ಕ ಕಾಳಿನ ಆಹಾರವು ಬೇಕಾಗುವುದು. ತೀರ ಚಿಕ್ಕ ಮರಿಗಳನ್ನು ಬಹುಹೊತ್ತು ಉಪವಾಸವಿಟ್ಟರೆ ರಕ್ತದ ಸಕ್ಕರೆ ಕುಸಿದು ಅಪಾಯವಾಗುವುದು. ಮನೆಯೊಳಗೆ ಓಡಾಡಿಕೊಂಡಿರುವ 5 ಕಿಲೊ ತೂಕದ ಬೆಳೆದ ನಾಯಿಗೆ ದಿನಕ್ಕೆ ಸುಮಾರು 375 ಕಿಲೊಕ್ಯಾಲರಿ ಸಾಕು. ಬಹುತೇಕ ಒಣ ಆಹಾರಗಳ 100 ಗ್ರಾಮಿನಲ್ಲಿ ಸರಿಸುಮಾರು ಅಷ್ಟು ಇರುವುದು. ಚಹದ ಹೊತ್ತಿಗೆ ನಾವು ಪ್ರೀತಿಯಿಂದ ಎಸೆಯುವ 25 ಗ್ರಾಮ್ ಗ್ಲೂಕೋಸ್ ಬಿಸ್ಕತ್ತಿನಲ್ಲಿಯೇ 110 ಕಿಲೊಕ್ಯಾಲರಿ ಅಡಗಿರುವಾಗ, ನಾಯಿಯು ಕಾಳನ್ನು ಮೂಸಿ ಹೋಯಿತೆಂದು ಆಹಾರವನ್ನು ದೂರುವುದು ನ್ಯಾಯವಲ್ಲ. ಒಣಮೀನನ್ನು ಮೇಲೆ ಉದುರಿಸುವ ನಮ್ಮೂರ ಪದ್ಧತಿಯೂ ಒಳ್ಳೆಯದಲ್ಲ. ಅಂಕೋಲೆಯವರಾದ ನಮಗೆ ಉಪ್ಪಿನ ಮೇಲೆ 1930ರಿಂದ ವಿಶೇಷ ಅಭಿಮಾನವಿರಬಹುದು. ಅಷ್ಟೊಂದು ಉಪ್ಪು ನಾಯಿಗೆ ಬೇಡ.

ನಮ್ಮ ಮನೆಯ ಮೋತಿಯ ವಿಷಯ ಬರುವುದು ಇಲ್ಲಿ. ಒಂದು ಮಳೆಗಾಲದಲ್ಲಿ, ಮುದ್ರಿತ ಸಣ್ಣ ಚೀಲವು ದುಬಾರಿಯೆಂದು, ದೊಡ್ಡ ಚೀಲವನ್ನು ಒಡೆದು ಬಿಡಿಯಾಗಿ ತೂಗಿಕೊಡುವ ಅಂಗಡಿಯೊಂದರಿಂದ ಆಹಾರವನ್ನು ತಂದೆವು. ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಹೆಸರಿಲ್ಲ, ದಿನಾಂಕವಿಲ್ಲ. ಮೂಲದಿಂದ ಕಿತ್ತುಬಂದ, ಕಾಲನಿರ್ದೇಶವಿಲ್ಲದ ತುಣುಕನ್ನು ವಿದ್ಯಾರ್ಥಿಯೊಬ್ಬನು ಆಧಾರವೆಂದು ತಂದಿದ್ದರೆ ನಾವು ಹಿಂದಿರುಗಿಸುತ್ತಿದ್ದೆವು. ಮೂರು ವಾರಗಳಲ್ಲಿ ಮೋತಿಯು ಊಟ ಬಿಟ್ಟಿತು; ವಾಂತಿಯಾಯಿತು; ಕಣ್ಣಿನ ಬಿಳಿ ಹಳದಿಯಾಯಿತು. ಪಶುವೈದ್ಯರು ಪಿತ್ತಕೋಶ ಕೆಟ್ಟಿದೆಯೆಂದರು. ಆಹಾರವು ಬೂಷ್ಟು ಹಿಡಿದಿತ್ತೇ, ಯಾವ ತಿಂಗಳಿನದೆಂದು ವಿಚಾರಿಸಿದರು. ನಮ್ಮಲ್ಲಿ ಉತ್ತರವಿರಲಿಲ್ಲ, ಅಂಗಡಿಯವರಲ್ಲಿಯೂ ಇರಲಿಲ್ಲ, ಚೀಲವು ರದ್ದಿಗೆ ಹೋಗಿತ್ತು. ಐದನೆಯ ದಿನ ನಾಯಿ ಸತ್ತಿತು. ಆಹಾರವೇ ಕಾರಣವೆಂದು ನಾವು ಹೇಳಲಾರೆವು. ಪುರಾವೆಯಾಗಬಹುದಾಗಿದ್ದ ವಸ್ತುವನ್ನು ಮೊದಲೇ ಕೈಬಿಟ್ಟಿದ್ದೆವು.

ಪಶುವೈದ್ಯರ ಸಂದೇಹವು ಮಾತ್ರ ನಿರಾಧಾರವಾದುದಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಮಿಕ್ಕಿ ಟರ್ಕಿಕೋಳಿಗಳು ಸತ್ತಾಗ ಶೇಂಗಾಹಿಂಡಿಯಲ್ಲಿದ್ದ ಬೂಷ್ಟಿನ ವಿಷವು ಬೆಳಕಿಗೆ ಬಂದಿತು, ಅದೇ ಅಫ್ಲಾಟಾಕ್ಸಿನ್. 1974ರಲ್ಲಿ ರಾಜಸ್ಥಾನದ ಬಾಂಸವಾಡಾ, ಗುಜರಾತಿನ ಪಂಚಮಹಲ್ ಜಿಲ್ಲೆಗಳ ಹಳ್ಳಿಗಳಲ್ಲಿ ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಮೆಕ್ಕೆಜೋಳವನ್ನುಂಡು ನೂರಕ್ಕೂ ಹೆಚ್ಚು ಜನರು ಕಾಮಾಲೆಯಾಗಿ ಸತ್ತರು. ಅವರ ಅನ್ನವನ್ನು ಹಂಚಿಕೊಂಡ ಮನೆಯ ನಾಯಿಗಳಲ್ಲಿಯೂ ಅದೇ ಲಕ್ಷಣಗಳು ಕಂಡುಬಂದುವು. ಒಣ ಆಹಾರವನ್ನು ಬೇಯಿಸುವ ಶಾಖವು ಈ ವಿಷವನ್ನು ಪೂರ್ತಿಯಾಗಿ ನಾಶಮಾಡಲಾರದು. ಚೀಲ ಒಡೆದ ಮೇಲೆ ಆಷಾಢದ ತೇವವು ಹೊಸ ಬೂಷ್ಟನ್ನು ಬೆಳಸಬಲ್ಲುದು.

2011ರ ಪೊಟ್ಟಣ ನಿಯಮಗಳ ಮೇರೆಗೆ ಮುಚ್ಚಿದ ಪೊಟ್ಟಣದ ಮೇಲೆ ತಯಾರಕನ ವಿಳಾಸ, ತಯಾರಾದ ತಿಂಗಳು, ನಿವ್ವಳ ತೂಕ, ಬೆಲೆ ಇರತಕ್ಕದ್ದು. ಬಿಡಿಯಾಗಿ ಕೊಂಡವನು ಇವನ್ನೆಲ್ಲ ಅಂಗಡಿಯಲ್ಲಿಯೇ ಬಿಟ್ಟುಬರುವನು. ಈಗ ನಮ್ಮಲ್ಲಿ ಇನ್ನೊಂದು ಸ್ಪಿಟ್ಜ್ ಇದೆ, ತೂಕ 5 ಕಿಲೊ. ಒಂದು ತಿಂಗಳಲ್ಲಿ ಮುಗಿಯುವಂತೆ ಮೂರು ಕಿಲೊ ಚೀಲವನ್ನು ಮಾತ್ರ ಕೊಳ್ಳುತ್ತೇವೆ. ಕಾಳನ್ನು ಸುರುವದೆ ಚೀಲಸಹಿತ ಬಿಗಿಮುಚ್ಚಳದ ಸ್ಟೀಲ್ ಡಬ್ಬದಲ್ಲಿಟ್ಟು, ಒಡೆದ ದಿನವನ್ನು ಮೇಲೆ ಬರೆಯುತ್ತೇವೆ. ಆಹಾರವನ್ನು ಬದಲಿಸುವಾಗ ಹಳೆಯದರೊಡನೆ ಹೊಸದನ್ನು ವಾರಕಾಲ ಬೆರಸಿ ಕೊಡುತ್ತೇವೆ. ಚೀಲವು ಬರಿದಾದ ಮೇಲೆ ಅದರ ಹಿಂಬದಿಯನ್ನು ಕತ್ತರಿಸಿ, ಮನೆಯಲ್ಲಿ ಶಾಸನಗಳ ಪಡಿಯಚ್ಚುಗಳನ್ನಿಟ್ಟಿರುವ ಕಪಾಟಿನಲ್ಲಿಯೇ ಒಂದು ಕಡತದಲ್ಲಿ ಸೇರಿಸಿಡುತ್ತೇವೆ.